ಎಡಿನ್‌ಬರೋದ ಕಾನೂನು, ಲಂಡನ್ನಿನ ಖಜಾನೆ: ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳ ಸಾಮಾಜಿಕ ವಸತಿ ನೀತಿ

1998ರ ಸ್ಕಾಟ್ಲೆಂಡ್ ಕಾಯ್ದೆಯಿಂದ ವಸತಿ ವಿಷಯ ಎಡಿನ್‌ಬರೋ ಸಂಸತ್ತಿನ ವ್ಯಾಪ್ತಿಗೆ ಬಂತು. ಬಡ ಬಾಡಿಗೆದಾರರಿಗೆ ಸಿಗುವ ಬಾಡಿಗೆ ನೆರವು ಮಾತ್ರ ಸಾಮಾಜಿಕ ಭದ್ರತೆಯ ಬಾಬತ್ತಾಗಿ ಲಂಡನ್ನಿನಲ್ಲೇ ಉಳಿಯಿತು. ಮನೆಯ ಕಾನೂನು ಒಬ್ಬರ ಕೈಯಲ್ಲಿ, ಹಣದ ಬಹುಪಾಲು ಇನ್ನೊಬ್ಬರ ಕೈಯಲ್ಲಿ ಇರುವಾಗ ನೀತಿ ರೂಪುಗೊಳ್ಳುವುದು ಇವೆರಡರ ನಡುವಿನ ಚೌಕಾಶಿಯಲ್ಲಿ ಎಂಬುದು ಈ ಲೇಖನದ ವಾದ.

ಮೊದಲ ನಿದರ್ಶನ ಗ್ಲಾಸ್ಗೋ. 2003ರಲ್ಲಿ ಅಲ್ಲಿನ ನಗರಾಡಳಿತ ತನ್ನ 80,000ಕ್ಕೂ ಹೆಚ್ಚು ಬಾಡಿಗೆ ಮನೆಗಳನ್ನು ಗ್ಲಾಸ್ಗೋ ಹೌಸಿಂಗ್ ಅಸೋಸಿಯೇಶನ್‌ಗೆ ವರ್ಗಾಯಿಸಿತು. ಇದು ಸ್ಕಾಟಿಷ್ ಸರ್ಕಾರದ ಯೋಜನೆಯೇ ಆದರೂ ಅದನ್ನು ಸಾಧ್ಯವಾಗಿಸಿದ್ದು ಬ್ರಿಟನ್ನಿನ ಖಜಾನೆ. ಮನೆಗಳ ಮೇಲಿದ್ದ ಸುಮಾರು 90 ಕೋಟಿ ಪೌಂಡ್ ಸಾಲದ ಹೊರೆಯನ್ನು ಇಳಿಸಲು ಅದು ಒಪ್ಪಿತ್ತು. ವರ್ಗಾವಣೆಗೆ ಬಾಡಿಗೆದಾರರ ಮತದಾನದ ಒಪ್ಪಿಗೆ ಬೇಕಿತ್ತು. 2005ರಲ್ಲಿ ಎಡಿನ್‌ಬರೋ ನಗರದ ಬಾಡಿಗೆದಾರರು ಇಂಥದೇ ಪ್ರಸ್ತಾವವನ್ನು ತಿರಸ್ಕರಿಸಿದಾಗ, ಅಲ್ಲಿನ ಮನೆಗಳು ನಗರಾಡಳಿತದಲ್ಲೇ ಉಳಿದವು.

ಅಧಿಕಾರ ಯಾವ ರೂಪದಲ್ಲಿ ಸಿಕ್ಕಿದೆ ಎಂಬುದೂ ಮುಖ್ಯ. ಸರ್ಕಾರಿ ಬಾಡಿಗೆ ಮನೆಯನ್ನು ರಿಯಾಯಿತಿ ದರದಲ್ಲಿ ಕೊಳ್ಳುವ ಹಕ್ಕು 1980ರಲ್ಲಿ ಥ್ಯಾಚರ್ ಸರ್ಕಾರ ಕೊಟ್ಟದ್ದು. ಸ್ಕಾಟ್ಲೆಂಡ್ 2001ರ ಕಾಯ್ದೆಯಲ್ಲಿ ಅದನ್ನು ಬಿಗಿಗೊಳಿಸಿ, 2014ರ ಕಾಯ್ದೆಯ ಮೂಲಕ 2016ರ ಆಗಸ್ಟ್ 1ರಂದು ಕೊನೆಗೊಳಿಸಿತು. ವೇಲ್ಸ್‌ನಲ್ಲಿ ಇದೇ ಕೆಲಸ ಇನ್ನೂ ತಡವಾಯಿತು. ಆರಂಭದಲ್ಲಿ ಅಲ್ಲಿನ ಶಾಸನಸಭೆಗೆ ಪೂರ್ಣ ಶಾಸನಾಧಿಕಾರವಿರಲಿಲ್ಲ. ವಸತಿಯಂಥ ವಿಷಯಕ್ಕೂ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಂಸತ್ತಿನ ಅನುಮತಿ ಆದೇಶ ಬೇಕಿತ್ತು. ಆ ಆದೇಶದ ವ್ಯಾಪ್ತಿಯ ಬಗ್ಗೆಯೇ ವರ್ಷಗಟ್ಟಲೆ ಜಗ್ಗಾಟ ನಡೆದು, 2011ರ ಶಾಸನ ಮನೆ ಅಭಾವದ ಪ್ರದೇಶಗಳಲ್ಲಿ ಹಕ್ಕನ್ನು ತಾತ್ಕಾಲಿಕವಾಗಿ ತಡೆಹಿಡಿಯುವಷ್ಟಕ್ಕೆ ನಿಂತಿತು. ಅದೇ ವರ್ಷದ ಜನಮತಗಣನೆ ಶಾಸನಾಧಿಕಾರವನ್ನು ವಿಸ್ತರಿಸಿತು. ಅದರ ಬಲದಿಂದ 2019ರ ಜನವರಿ 26ರಂದು ಹಕ್ಕು ರದ್ದಾಯಿತು.

ಬೆಡ್‌ರೂಮ್ ತೆರಿಗೆ ಎಂದೇ ಹೆಸರಾದ ಕಡಿತದಲ್ಲಿ ಈ ಚೌಕಾಶಿ ಇನ್ನಷ್ಟು ನಿಚ್ಚಳವಾಗಿ ಕಾಣುತ್ತದೆ. 2013ರ ಏಪ್ರಿಲ್‌ನಿಂದ ಲಂಡನ್, ಹೆಚ್ಚುವರಿ ಕೋಣೆ ಒಂದಿದ್ದರೆ ನೆರವಿಗೆ ಅರ್ಹವಾದ ಬಾಡಿಗೆಯಲ್ಲಿ ಶೇ. 14ನ್ನೂ ಎರಡು ಅಥವಾ ಹೆಚ್ಚಿದ್ದರೆ ಶೇ. 25ನ್ನೂ ಕಡಿತಗೊಳಿಸಿತು. ವಾರಕ್ಕೆ 80 ಪೌಂಡ್ ಬಾಡಿಗೆಯ ಮನೆಯಲ್ಲಿ ಒಂದು ಕೋಣೆ ಹೆಚ್ಚಿದ್ದರೆ 11.20 ಪೌಂಡ್ ಖೋತಾ. ನಿಯಮ ಬದಲಿಸುವ ಅಧಿಕಾರವಿಲ್ಲದ ಎಡಿನ್‌ಬರೋ, ಬಾಡಿಗೆಯ ಕೊರತೆ ತುಂಬುವ ವಿವೇಚನಾ ನೆರವಿನ ನಿಧಿಗೆ ತನ್ನ ಹಣ ಸೇರಿಸಿತು. ಅಲ್ಲೂ ಒಟ್ಟು ವೆಚ್ಚ ಲಂಡನ್ ಕೊಟ್ಟ ಮೊತ್ತದ ಎರಡೂವರೆ ಪಟ್ಟು ಮೀರಬಾರದೆಂಬ ಮಿತಿಯಿತ್ತು. 2014ರಲ್ಲಿ ಆ ಮಿತಿಯ ಅಧಿಕಾರ ಎಡಿನ್‌ಬರೋಗೆ ಬಂದ ಮೇಲೆಯೇ ಪೂರ್ಣ ಪರಿಹಾರದ ದಾರಿ ತೆರೆಯಿತು. ಹೀಗೆ ಇನ್ನೊಬ್ಬರ ನಿರ್ಧಾರದ ಪೆಟ್ಟು ತಗ್ಗಿಸುವುದಕ್ಕೇ ವಸತಿ ನೀತಿಯ ಹಣ ಸಂದಾಯವಾಯಿತು.

ಕಾನೂನು ತನ್ನದೇ ಕೈಯಲ್ಲಿದ್ದಲ್ಲೂ ಹಣದ ಪ್ರಶ್ನೆ ತಪ್ಪಲಿಲ್ಲ. ಮನೆಯಿಲ್ಲದವರ ಪೈಕಿ ಯಾರಿಗೆ ಆದ್ಯತೆ ಎಂಬ ವಿಂಗಡಣೆಯನ್ನು ಸ್ಕಾಟ್ಲೆಂಡ್ 2012ರ ಕೊನೆಗೆ ತೆಗೆದುಹಾಕಿತ್ತು. ಮನೆ ಪಡೆಯುವ ಹಕ್ಕು ವಿಸ್ತಾರಗೊಂಡರೂ ಮನೆಗಳು ಅದಕ್ಕೆ ತಕ್ಕಂತೆ ಹೆಚ್ಚಲಿಲ್ಲ. 2024ರ ಮೇ ತಿಂಗಳಲ್ಲಿ ಸರ್ಕಾರ ವಸತಿ ತುರ್ತುಸ್ಥಿತಿ ಘೋಷಿಸಿತು. ಕೈಗೆಟಕುವ ದರದ ಮನೆಗಳ ಆ ವರ್ಷದ ಅನುದಾನವನ್ನು ಅದೇ ಸರ್ಕಾರ ಸುಮಾರು 19.6 ಕೋಟಿ ಪೌಂಡಿನಷ್ಟು ಕಡಿತಗೊಳಿಸಿತ್ತು. ಲಂಡನ್ನಿನಿಂದ ಬರುವ ಬಂಡವಾಳ ಕುಗ್ಗಿತೆಂದು ಸರ್ಕಾರ ಹೇಳಿತು. ಅದು ಸರ್ಕಾರದ್ದೇ ಆಯ್ಕೆ ಎಂದರು ಟೀಕಾಕಾರರು. ಅಧಿಕಾರ ಹಂಚಿಹೋದಲ್ಲಿ ಹೊಣೆಯೂ ಹಂಚಿಹೋಗುತ್ತದೆ. ಆದ್ದರಿಂದ ಪ್ರಾದೇಶಿಕ ವಸತಿ ನೀತಿಯ ಅಧ್ಯಯನ ಕಾಯ್ದೆಯ ಪಠ್ಯದ ಜೊತೆಗೆ ಅನುದಾನದ ಲೆಕ್ಕವನ್ನೂ ಓದಬೇಕಾಗುತ್ತದೆ.