ಧಾರ್ಮಿಕ ಭೂಗೋಳಶಾಸ್ತ್ರದ ಪ್ರಮುಖ ಪರಿಕಲ್ಪನೆಗಳು

ಧಾರ್ಮಿಕ ಭೂಗೋಳಶಾಸ್ತ್ರವು ಮಾನವ ಭೂಗೋಳಶಾಸ್ತ್ರದ ಒಂದು ಶಾಖೆ. ಧರ್ಮಗಳು ಎಲ್ಲಿ ಹುಟ್ಟಿದವು, ಹೇಗೆ ಹರಡಿದವು, ಭೂದೃಶ್ಯವನ್ನು ಹೇಗೆ ಬದಲಿಸಿದವು ಹಾಗೂ ಬೆಟ್ಟ, ನದಿ, ಕಾಡುಗಳು ನಂಬಿಕೆಗಳಿಗೆ ಹೇಗೆ ರೂಪ ಕೊಟ್ಟವು ಎಂಬುದನ್ನು ಇದು ಅಧ್ಯಯನ ಮಾಡುತ್ತದೆ. ಯಾವ ಧರ್ಮ ಸತ್ಯ ಎಂಬ ಪ್ರಶ್ನೆ ಇದರ ವ್ಯಾಪ್ತಿಗೆ ಬರುವುದಿಲ್ಲ. ಪಾಲ್ ದೆಫೊಂತೇನ್ (1948) ಮತ್ತು ಡೇವಿಡ್ ಸೋಫರ್ (1967) ಅವರ ಗ್ರಂಥಗಳು ಈ ಕ್ಷೇತ್ರದ ಆರಂಭಿಕ ಕೃತಿಗಳಲ್ಲಿ ಮುಖ್ಯವಾದವು. ಇಲ್ಲಿನ ಪರಿಕಲ್ಪನೆಗಳಿಗೆ ಹಂಪಿ ಮತ್ತು ಹೊಸಪೇಟೆ ಪರಿಸರವು ಉತ್ತಮ ನಿದರ್ಶನವಾಗಿದೆ.

ಪವಿತ್ರ ಸ್ಥಳ

ಸುತ್ತಲಿನ ಸಾಮಾನ್ಯ ನೆಲದಿಂದ ಬೇರೆಯೆಂದು ಭಕ್ತರು ಭಾವಿಸುವ ಜಾಗವೇ ಪವಿತ್ರ ಸ್ಥಳ. ಈ ಭೇದವನ್ನು ಮಿರ್ಚಾ ಎಲಿಯಾಡೆ ವಿಸ್ತಾರವಾಗಿ ಚರ್ಚಿಸಿದ್ದಾರೆ. ತುಂಗಭದ್ರೆಯ ದಡದ ಪಂಪಾಕ್ಷೇತ್ರದಲ್ಲಿ ಹೇಮಕೂಟ, ಮತಂಗ, ಮಾಲ್ಯವಂತ ಬೆಟ್ಟಗಳು ಶಿವಪುರಾಣ ಪರಂಪರೆ ಮತ್ತು ರಾಮಾಯಣದ ಕಿಷ್ಕಿಂಧೆಯ ಕಥೆಗಳೊಂದಿಗೆ ಬೆಸೆದುಕೊಂಡಿವೆ. ಸ್ಥಳೀಯ ದೇವತೆಯಾದ ಪಂಪೆ ವಿರೂಪಾಕ್ಷನ ಪತ್ನಿಯಾದದ್ದನ್ನು ಪ್ರತಿವರ್ಷ ಫಲಪೂಜೆ ಮತ್ತು ಕಲ್ಯಾಣೋತ್ಸವಗಳು ನೆನಪಿಸುತ್ತವೆ. 'ಪಂಪೆ' ಎಂಬ ಹೆಸರೇ ಪಕಾರವು ಹಕಾರವಾಗಿ 'ಹಂಪೆ' ಆಯಿತು.

ಸ್ಥಳನಾಮ

ಊರಿನ ಹೆಸರುಗಳು ಧಾರ್ಮಿಕ ಇತಿಹಾಸದ ಕುರುಹುಗಳಾಗಿರುತ್ತವೆ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಅನಂತಶಯನಗುಡಿ ಮತ್ತು ಮಲಪನಗುಡಿ ಎಂಬ ಊರುಗಳಿವೆ. ದೇವಾಲಯವನ್ನು ಸೂಚಿಸುವ 'ಗುಡಿ' ಪದವು ಎರಡರಲ್ಲೂ ಊರಿನ ಹೆಸರಾಗಿ ಉಳಿದಿದೆ.

ಪ್ರಸರಣ

ನಂಬಿಕೆಯು ಒಂದೆಡೆಯಿಂದ ಇನ್ನೊಂದೆಡೆಗೆ ತಲುಪುವ ಕ್ರಿಯೆಯೇ ಪ್ರಸರಣ. ಮತಾಂತರ ಅಥವಾ ಬೋಧನೆಯಿಂದ ಅಕ್ಕಪಕ್ಕಕ್ಕೆ ಹರಡುವುದು ವಿಸ್ತರಣಾ ಪ್ರಸರಣ. ಜನರು ಅಥವಾ ದೇವಮೂರ್ತಿಗಳು ಸ್ಥಳ ಬದಲಿಸುವುದರಿಂದ ಆಗುವುದು ಸ್ಥಾನಾಂತರ ಪ್ರಸರಣ. ಉದಯಗಿರಿ ದುರ್ಗವನ್ನು ಗೆದ್ದ ಕೃಷ್ಣದೇವರಾಯನು ಅಲ್ಲಿಂದ ಬಾಲಕೃಷ್ಣನ ವಿಗ್ರಹವನ್ನು ತಂದು 1515ರಲ್ಲಿ ಹಂಪಿಯಲ್ಲಿ ಪ್ರತಿಷ್ಠಾಪಿಸಿದನು. ಇದು ಎರಡನೆಯ ಬಗೆಗೆ ಉದಾಹರಣೆ. ಆ ವಿಗ್ರಹದ ಉಳಿದ ಭಾಗ ಇಂದು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ತೀರ್ಥಯಾತ್ರೆ

ಸುರಿಂದರ್ ಭಾರದ್ವಾಜ್ ಅವರು 1973ರ ತಮ್ಮ ಗ್ರಂಥದಲ್ಲಿ ಯಾತ್ರಿಕರು ಎಷ್ಟು ದೂರದಿಂದ ಬರುತ್ತಾರೆ ಎಂಬುದರ ಆಧಾರದ ಮೇಲೆ ಕ್ಷೇತ್ರಗಳನ್ನು ಸ್ಥಳೀಯ ಮಟ್ಟದಿಂದ ಅಖಿಲ ಭಾರತ ಮಟ್ಟದವರೆಗೆ ವಿಂಗಡಿಸಿದರು. ಯಾತ್ರಾವಲಯವು ಆಡಳಿತದ ಗಡಿಗಳನ್ನು ಅನುಸರಿಸುವುದಿಲ್ಲ. ಹಂಪಿಯು ವಿಜಯನಗರ ಜಿಲ್ಲೆಯಲ್ಲಿದ್ದರೆ, ನದಿಯಾಚೆಯ ಆನೆಗೊಂದಿ, ಪಂಪಾಸರೋವರ ಮತ್ತು ಅಂಜನಾದ್ರಿ ಕೊಪ್ಪಳ ಜಿಲ್ಲೆಯಲ್ಲಿವೆ. ಕುಮಾರಸ್ವಾಮಿ ದೇವಾಲಯವಿರುವ ಸಂಡೂರು ಬಳ್ಳಾರಿ ಜಿಲ್ಲೆಗೆ ಸೇರಿದೆ. ಯಾತ್ರಿಕರ ಪಾಲಿಗೆ ಹಂಪಿ ಮತ್ತು ಆನೆಗೊಂದಿ ಒಂದೇ ಕ್ಷೇತ್ರ.

ಧಾರ್ಮಿಕ ಭೂದೃಶ್ಯ

ಕಟ್ಟಡಗಳು, ಸಮಾಧಿಗಳು, ಕೆರೆ, ರಥಬೀದಿಗಳು ಸೇರಿ ಧಾರ್ಮಿಕ ಭೂದೃಶ್ಯವಾಗುತ್ತದೆ. ವಿಜಯನಗರದಲ್ಲಿ ಅದು ಒಂದೇ ಮತಕ್ಕೆ ಸೀಮಿತವಾಗಿರಲಿಲ್ಲ. ದಂಡನಾಯಕ ಇರುಗಪ್ಪನು 1385ರಲ್ಲಿ ಕಟ್ಟಿಸಿದ ಕುಂಥುನಾಥ ಬಸದಿ (ಗಾಣಗಿತ್ತಿ ಗುಡಿ), 1439ರಲ್ಲಿ ಅಹ್ಮದ್ ಖಾನನು ಕಟ್ಟಿಸಿದ ಮಸೀದಿ ಮತ್ತು ಕದಿರಾಂಪುರದ ಮುಸ್ಲಿಂ ಗೋರಿಗಳು ಇದಕ್ಕೆ ಸಾಕ್ಷಿ. ಅಹ್ಮದ್ ಖಾನನ ಶಾಸನವು ಮಸೀದಿಯನ್ನು 'ಧರ್ಮಸಾಲೆ' ಎಂದೇ ಕರೆಯುತ್ತದೆ. ಈ ಸೀಮೆಯ ಹಳ್ಳಿಗಳಲ್ಲಿ ಮೊಹರಂ ಹಬ್ಬದಲ್ಲಿ ಹಿಂದೂಗಳೂ ಪಾಲ್ಗೊಳ್ಳುತ್ತಾರೆ.

ಸ್ಪರ್ಧೆ ಮತ್ತು ಸಂರಕ್ಷಣೆ

ಒಂದೇ ಸ್ಥಳಕ್ಕೆ ಅಥವಾ ಒಂದೇ ಕಥೆಗೆ ಹಲವರು ಹಕ್ಕು ಮಂಡಿಸಿದಾಗ ಅದನ್ನು ವಿವಾದಿತ ಪವಿತ್ರ ಸ್ಥಳ ಎನ್ನುತ್ತಾರೆ. ಹನುಮಂತನ ಜನ್ಮಸ್ಥಳ ತಿರುಮಲದ ಬೆಟ್ಟವೆಂದು ತಿರುಮಲ ತಿರುಪತಿ ದೇವಸ್ಥಾನವು 2021ರಲ್ಲಿ ಘೋಷಿಸಿದಾಗ, ಆನೆಗೊಂದಿಯ ಅಂಜನಾದ್ರಿಯನ್ನು ಜನ್ಮಸ್ಥಳವೆಂದು ನಂಬುವವರಿಂದ ವಿರೋಧ ವ್ಯಕ್ತವಾಯಿತು.

ಇನ್ನೊಂದು ಬಗೆಯ ಘರ್ಷಣೆ ಪೂಜೆ, ಜನವಸತಿ ಮತ್ತು ಸ್ಮಾರಕಗಳ ನಡುವಿನದು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ವಿರೂಪಾಕ್ಷ ದೇವಾಲಯದಲ್ಲಿ ಇಂದಿಗೂ ನಿತ್ಯಪೂಜೆ ನಡೆಯುತ್ತದೆ; ವಿಠ್ಠಲ ದೇವಾಲಯವು ಸಂರಕ್ಷಿತ ಸ್ಮಾರಕವಾಗಿ ಮಾತ್ರ ಉಳಿದಿದೆ. ವಿರೂಪಾಕ್ಷನ ರಥಬೀದಿಯ ಮಂಟಪಗಳಲ್ಲಿದ್ದ ಮನೆ ಮತ್ತು ಅಂಗಡಿಗಳನ್ನು 2011ರಲ್ಲಿ ತೆರವುಗೊಳಿಸಲಾಯಿತು. ಯಾತ್ರಿಕರಿಗೆ ಹೂವು, ಹಣ್ಣು, ಊಟ ಒದಗಿಸುತ್ತ ಅಲ್ಲೇ ಬಾಳಿದವರು ಕ್ಷೇತ್ರದ ಭಾಗವೋ ಅಥವಾ ಸ್ಮಾರಕಕ್ಕೆ ಅಡ್ಡಿಯೋ ಎಂಬ ಪ್ರಶ್ನೆಗೆ ಸಂರಕ್ಷಣಾ ಕಾನೂನು ಕೊಡುವ ಉತ್ತರವೂ ನಿವಾಸಿಗಳು ಕೊಡುವ ಉತ್ತರವೂ ಬೇರೆ ಬೇರೆ. ಆದ್ದರಿಂದ ಧಾರ್ಮಿಕ ಭೂಗೋಳಶಾಸ್ತ್ರವು ಕಲ್ಲಿನ ಕಟ್ಟಡಗಳ ಜೊತೆಗೆ ಅವುಗಳನ್ನು ಬಳಸುವ ಜನರನ್ನೂ ಅಧ್ಯಯನದ ವಸ್ತುವಾಗಿ ಪರಿಗಣಿಸುತ್ತದೆ.