ಯಾರ ಬಾವುಟಕ್ಕೆ ಈ ಗುದ್ದು?

ಜರ್ಮನಿಯ ಹ್ಯಾಂಬರ್ಗ್ ಬಂದರು. ಅಲ್ಲಿ ಆಲ್ಟೋನಾ ಅನ್ನೋ ಭಾಗದಲ್ಲಿ ಒಂದು ಹಳೇ ಹಡಗು ನಿಂತಿತ್ತು. ಅದು ಎಲ್ಲಿಗೂ ಹೋಗುವ ಹಡಗಲ್ಲ. ಬೇರೆ ದೇಶಗಳಿಂದ ಆಶ್ರಯ ಕೇಳಿಕೊಂಡು ಬಂದವರನ್ನ ಇರಿಸೋಕೆ ಸರ್ಕಾರ ಇಟ್ಟುಕೊಂಡಿದ್ದ ಹಡಗು. 1990ರ ದಶಕದ ಕೊನೆಯ ವರ್ಷಗಳಲ್ಲಿ ಆ ಹಡಗಿನಲ್ಲಿ ಒಂದು ಕುಟುಂಬ ಇತ್ತು. ಅಪ್ಪ, ಅಮ್ಮ, ಒಬ್ಬ ಮಗ, ಒಬ್ಬಳು ಮಗಳು. ಅಪ್ಪ ಪಶುವೈದ್ಯ. ಮಗಳ ಹೆಸರು ಸೂಸಿ ಕೆಂಟಿಕಿಯನ್.

ಈ ಹೆಸರಿನ ಕೊನೆಯ ಅಕ್ಷರಗಳನ್ನ ಸ್ವಲ್ಪ ನೆನಪಿನಲ್ಲಿ ಇಟ್ಕೊಳ್ಳಿ. 'ಯನ್' ಅಂತ ಮುಗಿದರೆ ಬಹುತೇಕ ಆ ಮನುಷ್ಯನ ಬೇರು ಆರ್ಮೇನಿಯಾದಲ್ಲಿದೆ ಅಂತ ಅರ್ಥ. ಇವತ್ತಿನ ಕಥೆಯಲ್ಲಿ ದೇಶಗಳು ಬದಲಾಗುತ್ತವೆ, ಪಾಸ್‌ಪೋರ್ಟ್ ಬದಲಾಗುತ್ತೆ, ಟೀ ಶರ್ಟ್ ಬಣ್ಣ ಬದಲಾಗುತ್ತೆ. ಗುರುತು ಹಿಡಿಯೋಕೆ ನಮಗೆ ಉಳಿಯೋದು ಈ 'ಯನ್' ಒಂದೇ.

ಆರ್ಮೇನಿಯಾ ಎಷ್ಟು ದೊಡ್ಡದು? ಸುಮಾರು 30 ಸಾವಿರ ಚದರ ಕಿಲೋಮೀಟರ್. ನಮ್ಮ ಕರ್ನಾಟಕದೊಳಗೆ ಅಂಥ ಆರು ದೇಶ ಕೂರಿಸಿದರೂ ಜಾಗ ಮಿಗುತ್ತೆ. ಜನಸಂಖ್ಯೆ 30 ಲಕ್ಷದ ಆಸುಪಾಸು. ಬೆಂಗಳೂರಿನ ಮೂರನೇ ಒಂದು ಪಾಲೂ ಇಲ್ಲ. ಆದರೆ ಆ ಗಡಿಯ ಒಳಗಿರುವ ಆರ್ಮೇನಿಯನ್ನರಿಗಿಂತ ಹೊರಗಿರುವವರೇ ಹೆಚ್ಚು. 1915ರಲ್ಲಿ ಒಟ್ಟೋಮನ್ ಸಾಮ್ರಾಜ್ಯದಲ್ಲಿ ಶುರುವಾದ ಹತ್ಯಾಕಾಂಡದಲ್ಲಿ ಸತ್ತವರು 10 ಲಕ್ಷದಿಂದ 15 ಲಕ್ಷ ಅಂತ ಬಹಳಷ್ಟು ಇತಿಹಾಸಕಾರರು ಹೇಳುತ್ತಾರೆ. ಬದುಕಿದವರು ಸಿಕ್ಕ ದಿಕ್ಕಿಗೆ ಹೋದರು. ಹಾಗಂತ ಊರು ಬಿಡೋದು ಅವರಿಗೆ ಅದೇ ಮೊದಲಲ್ಲ. ವ್ಯಾಪಾರಕ್ಕೆ ಅಂತ ಅವರು ನಮ್ಮ ಮದ್ರಾಸಿಗೂ ಬಂದಿದ್ದರು. ಚೆನ್ನೈನಲ್ಲಿ ಇವತ್ತಿಗೂ ಆರ್ಮೇನಿಯನ್ ಸ್ಟ್ರೀಟ್ ಇದೆ. ನನ್ನ ವೃತ್ತಿಯವರು ತಿಳಿದಿರಬೇಕಾದ ಇನ್ನೊಂದು ವಿಷಯ: ಆರ್ಮೇನಿಯನ್ ಭಾಷೆಯ ಮೊಟ್ಟಮೊದಲ ಪತ್ರಿಕೆ ಅಚ್ಚಾಗಿದ್ದು ಆರ್ಮೇನಿಯಾದಲ್ಲಿ ಅಲ್ಲ, 1794ರಲ್ಲಿ ಮದ್ರಾಸಿನಲ್ಲಿ. ಇರಲಿ, ಅದು ಬೇರೆ ದಿನದ ವಿಷಯ. ಇವತ್ತು ಬಾಕ್ಸಿಂಗ್.

ಒಂದು ಪುಟ್ಟ ಜನಾಂಗ ಇಷ್ಟು ಬಾಕ್ಸರ್‌ಗಳನ್ನ ಕೊಟ್ಟಿದ್ದು ಹೇಗೆ ಅನ್ನೋದು ಒಂದು ಪ್ರಶ್ನೆ. ನನಗೆ ಅದಕ್ಕಿಂತ ಕಾಡುವ ಪ್ರಶ್ನೆ ಬೇರೆ. ಅವರು ಗೆದ್ದಾಗ ಮೇಲೆ ಹೋದ ಬಾವುಟ ಯಾರದ್ದು?

1956ಕ್ಕೆ ಹೋಗೋಣ. ಮೆಲ್ಬರ್ನ್ ಒಲಿಂಪಿಕ್ಸ್. ನಮಗೆ ಮೆಲ್ಬರ್ನ್ ಅಂದರೆ ಹಾಕಿ, ಪಾಕಿಸ್ತಾನವನ್ನ 1-0ಯಿಂದ ಸೋಲಿಸಿ ತಂದ ಚಿನ್ನ. ಫುಟ್‌ಬಾಲ್‌ನಲ್ಲಿ ನಾವು ನಾಲ್ಕನೇ ಸ್ಥಾನಕ್ಕೆ ಬಂದಿದ್ದೂ ಅಲ್ಲೇ, ಈಗ ಹೇಳಿದರೆ ಯಾರೂ ನಂಬಲ್ಲ. ಅದೇ ಊರಿನ ಬಾಕ್ಸಿಂಗ್ ರಿಂಗ್‌ನಲ್ಲಿ ಯೆರೆವಾನ್‌ನ 24 ವರ್ಷದ ಹುಡುಗ ವ್ಲಾದಿಮಿರ್ ಯೆಂಗಿಬಾರ್ಯನ್ ನಿಂತಿದ್ದ. ಲೈಟ್ ವೆಲ್ಟರ್‌ವೇಟ್, ಅಂದರೆ ಮೈತೂಕ 63.5 ಕೆಜಿ ದಾಟಬಾರದು. ಫೈನಲ್‌ನಲ್ಲಿ ಇಟಲಿಯ ಫ್ರಾಂಕೊ ನೆಂಚಿಯನ್ನ ಪಾಯಿಂಟ್ಸ್ ಮೇಲೆ ಸೋಲಿಸಿದ. ಚಿನ್ನ.

ಇದರ ತೂಕ ಎಷ್ಟು ಅಂತ ನೋಡಿ. ಸೋವಿಯತ್ ಒಕ್ಕೂಟ ಒಲಿಂಪಿಕ್ಸ್‌ಗೆ ಮೊದಲು ಬಂದಿದ್ದೇ 1952ರಲ್ಲಿ, ಹೆಲ್ಸಿಂಕಿಗೆ. ಆಗ ಬಾಕ್ಸಿಂಗ್‌ನಲ್ಲಿ ಬೆಳ್ಳಿ ಬಂತು, ಕಂಚು ಬಂತು, ಚಿನ್ನ ಬರಲಿಲ್ಲ. ಮೆಲ್ಬರ್ನ್‌ನಲ್ಲಿ ಮೊದಲ ಬಾರಿ ಮೂರು ಚಿನ್ನ ಬಂತು. ಸಫ್ರೊನೊವ್, ಶಾಟ್ಕೊವ್, ಮೂರನೆಯವನು ನಮ್ಮ ಯೆಂಗಿಬಾರ್ಯನ್. ಅಮೆರಿಕಕ್ಕೆ ಎದುರಾಗಿ ನಿಂತಿದ್ದ ಅಷ್ಟು ದೊಡ್ಡ ದೇಶದ ಮೊದಲ ಮೂರು ಬಾಕ್ಸಿಂಗ್ ಚಿನ್ನದಲ್ಲಿ ಒಂದು ಆರ್ಮೇನಿಯನ್ ಕೈಯಿಂದ ಬಂತು. ಆದರೆ ಮೇಲೇರಿದ್ದು ಕತ್ತಿ ಸುತ್ತಿಗೆಯ ಕೆಂಪು ಬಾವುಟ. ಮೊಳಗಿದ್ದು ಮಾಸ್ಕೋದ ಗೀತೆ. ಪಶ್ಚಿಮದ ಪತ್ರಿಕೆಗಳಿಗಂತೂ ಆ ಕಾಲದಲ್ಲಿ ಸೋವಿಯತ್ ಅಂದರೆ ಎಲ್ಲರೂ 'ರಷ್ಯನ್ನರೇ'.

ಹಾಗಂತ ಸೋವಿಯತ್ ವ್ಯವಸ್ಥೆಯನ್ನ ಸುಮ್ಮನೆ ಬೈಯೋದು ನ್ಯಾಯ ಅಲ್ಲ. ನಮ್ಮಲ್ಲಿ ಗರಡಿ ಮನೆ ನಡೆದಿದ್ದು ಊರಿನ ಪೈಲ್ವಾನರ ಹಠದಿಂದ, ಯಾರೋ ಪುಣ್ಯಾತ್ಮರು ಕೊಟ್ಟ ಹಾಲು ಬಾದಾಮಿಯಿಂದ. ಅಲ್ಲಿ ಸರ್ಕಾರವೇ ಜಿಮ್ ಕಟ್ಟಿತು, ಕೋಚ್‌ಗೆ ಸಂಬಳ ಕೊಟ್ಟಿತು. ಯೆರೆವಾನ್‌ನ ಬಡ ಹುಡುಗನಿಗೂ ಕೈಗೆ ಗ್ಲೌಸ್ ಸಿಕ್ಕಿತು. ಆ ವ್ಯವಸ್ಥೆ ಇಲ್ಲದಿದ್ದರೆ ಯೆಂಗಿಬಾರ್ಯನ್ 1953, 1957, 1959ರಲ್ಲಿ ಮೂರು ಸಲ ಯುರೋಪಿಯನ್ ಚಾಂಪಿಯನ್ ಆಗ್ತಿದ್ದನಾ? ನನಗೆ ಅನುಮಾನ. 1960ರ ರೋಮ್‌ನಲ್ಲಿ ಪೋಲೆಂಡಿನ ಬಾಕ್ಸರ್ ಎದುರು ಸೋತ. 1976ರ ಮಾಂಟ್ರಿಯಲ್‌ನಲ್ಲಿ ಡೇವಿಡ್ ತೊರೊಸ್ಯನ್ ಕಂಚು ತಂದ. ಮತ್ತದೇ ಕೆಂಪು ಬಾವುಟ.

ಆಮೇಲೆ ಬಂದಿದ್ದು ಕತ್ತಲೆ. ಇದು ಅಲಂಕಾರದ ಮಾತಲ್ಲ, ಕರೆಂಟ್ ಇಲ್ಲದ ನಿಜವಾದ ಕತ್ತಲೆ.

1988ರ ಡಿಸೆಂಬರ್ 7. ಉತ್ತರ ಆರ್ಮೇನಿಯಾದಲ್ಲಿ ಭೂಕಂಪ. ಸ್ಪಿತಾಕ್ ಅನ್ನೋ ಊರು ನೆಲಸಮ. ಈಗ ಗ್ಯುಮ್ರಿ ಅಂತ ಕರೆಯೋ ಲೆನಿನಾಕಾನ್, ಈಗಿನ ವನಾಡ್ಜೋರ್, ಎಲ್ಲ ಕಡೆ ಕಟ್ಟಡಗಳು ಕುಸಿದವು. ಕನಿಷ್ಠ 25 ಸಾವಿರ ಜನ ಸತ್ತರು. ನಾನು ಓದಿದ್ದು ಇಂಜಿನಿಯರಿಂಗ್, ಅದಕ್ಕೇ ಮುಂದಿನ ಸಂಗತಿ ನನ್ನನ್ನ ಹಿಡಿದು ನಿಲ್ಲಿಸುತ್ತೆ. ಭೂಕಂಪದ ಭಯಕ್ಕೆ 1989ರಲ್ಲಿ ಮೆಟ್ಸಮೋರ್ ಅಣು ವಿದ್ಯುತ್ ಸ್ಥಾವರ ಮುಚ್ಚಿದರು. ತಾಂತ್ರಿಕವಾಗಿ ಸರಿಯಾದ ನಿರ್ಧಾರವೇ. ಆದರೆ ಅಷ್ಟರಲ್ಲಿ ಸೋವಿಯತ್ ಒಕ್ಕೂಟವೇ ಬಿದ್ದುಹೋಯಿತು. ನಾಗೋರ್ನೊ ಕರಬಾಖ್‌ಗಾಗಿ ಅಜರ್‌ಬೈಜಾನ್ ಜೊತೆ ಯುದ್ಧ. ಪೂರ್ವದ ಗಡಿ ಬಂದ್, 1993ರಲ್ಲಿ ಟರ್ಕಿ ಪಶ್ಚಿಮದ ಗಡಿಯನ್ನೂ ಮುಚ್ಚಿತು. ತೈಲ ಇಲ್ಲ, ಗ್ಯಾಸ್ ಇಲ್ಲ, ಇದ್ದ ಅಣು ಸ್ಥಾವರಕ್ಕೆ ಬೀಗ. ಹಿಮ ಬೀಳೋ ದೇಶದಲ್ಲಿ ದಿನಕ್ಕೆ ಒಂದೆರಡು ಗಂಟೆ ಕರೆಂಟ್. ಜನ ಬೀದಿಯ ಮರ ಕಡಿದು ಒಲೆ ಉರಿಸಿದರು. 1995ರಲ್ಲಿ ಅದೇ ಸ್ಥಾವರದ ಒಂದು ಘಟಕವನ್ನ ಮತ್ತೆ ಶುರು ಮಾಡಬೇಕಾಯಿತು. ಇಂಥ ದಿನಗಳ ಮಧ್ಯೆಯೇ, 1993ರಲ್ಲಿ, ನ್ಶಾನ್ ಮುಂಚ್ಯನ್ ಅನ್ನೋ ಪುಟ್ಟ ದೇಹದ ಬಾಕ್ಸರ್ ಫಿನ್ಲೆಂಡ್‌ನಲ್ಲಿ ನಡೆದ ವಿಶ್ವ ಅಮೆಚೂರ್ ಚಾಂಪಿಯನ್‌ಷಿಪ್ ಗೆದ್ದ. ಈ ಸಲ ಬಾವುಟ ಅವರದ್ದೇ. ಕೆಂಪು, ನೀಲಿ, ಕಿತ್ತಳೆ.

ಆದರೆ ಬಾವುಟದಿಂದ ಮನೆ ಬೆಚ್ಚಗಾಗಲ್ಲ. ಜನ ಹೊರಟರು.

ಕೆಂಟಿಕಿಯನ್ ಕುಟುಂಬ ಹೊರಟಿದ್ದು 1992ರಲ್ಲಿ. ಅಪ್ಪನಿಗೆ ಯುದ್ಧಕ್ಕೆ ಬಾ ಅಂತ ಕರೆ ಬಂದಿತ್ತು. ಸೂಸಿಗೆ ಆಗ ಸುಮಾರು ಐದು ವರ್ಷ. ಮೊದಲು ಬರ್ಲಿನ್, ಅಲ್ಲಿಂದ ವಾಪಸ್ ಮೊಲ್ಡೋವಾ, ರಷ್ಯಾ, ಮತ್ತೆ 1996ರಲ್ಲಿ ಜರ್ಮನಿ. ಹ್ಯಾಂಬರ್ಗ್. ಆ ಹಡಗು. ಹನ್ನೆರಡನೇ ವಯಸ್ಸಿನಲ್ಲಿ ಅಣ್ಣನ ಹಿಂದೆ ಬಾಕ್ಸಿಂಗ್ ಕ್ಲಾಸಿಗೆ ಹೋದಳು. ಐದು ಅಡಿ ಆಸುಪಾಸಿನ ಹುಡುಗಿ, ಹ್ಯಾಂಬರ್ಗ್ ಚಾಂಪಿಯನ್ ಆದಳು. ಹದಿನಾರಕ್ಕೆ ಫಿಟ್‌ನೆಸ್ ಸೆಂಟರ್‌ನಲ್ಲಿ ನೆಲ ಒರೆಸಿ ಮನೆಗೆ ದುಡ್ಡು ತಂದಳು.

ಈ ಮಧ್ಯೆ ಸರ್ಕಾರದ ಕಾಗದಗಳು ಸುಮ್ಮನೆ ಕೂತಿರಲಿಲ್ಲ. ನಿಮಗೆ ಇಲ್ಲಿರೋ ಹಕ್ಕಿಲ್ಲ ಅಂತ ಆ ಕುಟುಂಬವನ್ನ ಗಡೀಪಾರು ಮಾಡೋಕೆ ಏರ್‌ಪೋರ್ಟ್‌ವರೆಗೆ ಕರ್ಕೊಂಡು ಹೋಗಿದ್ದಾರೆ. ಅದೂ ಒಂದೇ ಸಲ ಅಲ್ಲ. ಪ್ರತಿ ಸಲ ಅವಳ ಕೋಚ್ ಊರಿನ ರಾಜಕಾರಣಿಗಳಿಗೆ ಫೋನ್ ಮಾಡಿ, ಕೈಕಾಲು ಹಿಡಿದು, ವಾಪಸ್ ಕರೆಸಿದ. ಊರು ಗೆದ್ದ ಹುಡುಗಿ, ಊರಲ್ಲಿ ಇರೋ ಹಕ್ಕಿಲ್ಲ! ಕೊನೆಗೆ ಬಗೆಹರಿದಿದ್ದು ಹೇಗೆ ಗೊತ್ತಾ? 2005ರಲ್ಲಿ ಅವಳು ಪ್ರೊಫೆಷನಲ್ ಬಾಕ್ಸಿಂಗ್‌ಗೆ ಮೂರು ವರ್ಷದ ಕಾಂಟ್ರ್ಯಾಕ್ಟ್ ಸಹಿ ಮಾಡಿದಳು. ಸ್ಥಿರ ಆದಾಯ ಇದೆ ಅಂತ ಆಯಿತು. ಆಗ ಇಡೀ ಕುಟುಂಬಕ್ಕೆ ಶಾಶ್ವತ ವಾಸದ ಪರವಾನಗಿ ಬಂತು. ಅಂದರೆ ಅಪ್ಪ, ಅಮ್ಮ, ಅಣ್ಣ, ಎಲ್ಲರೂ ನಿಂತಿದ್ದು ಹದಿನೇಳು ವರ್ಷದ ಹುಡುಗಿಯ ಎರಡು ಮುಷ್ಟಿಯ ಮೇಲೆ. 2007ರ ಫೆಬ್ರವರಿಯಲ್ಲಿ ಕಲೋನ್‌ನಲ್ಲಿ ಅವಳು ಡಬ್ಲ್ಯುಬಿಎ ಫ್ಲೈವೇಟ್ ವಿಶ್ವ ಚಾಂಪಿಯನ್. 'ಕಿಲ್ಲರ್ ಕ್ವೀನ್' ಅಂತ ಜರ್ಮನಿ ಕುಣಿಯಿತು. ಪೌರತ್ವ ಸಿಕ್ಕಿದ್ದು 2008ರಲ್ಲಿ, ಬೆಲ್ಟ್ ಬಂದ ಮೇಲೆ.

ಅದೇ ಜರ್ಮನಿಯಲ್ಲಿ ಇನ್ನೊಬ್ಬ. ಹುಟ್ಟಿದ್ದು ಯೆರೆವಾನ್‌ನಲ್ಲಿ, ಅವೇತಿಕ್ ಅಬ್ರಹಾಮ್ಯನ್ ಆಗಿ. ರಿಂಗ್‌ಗೆ ಇಳಿದಿದ್ದು ಆರ್ಥರ್ ಅಬ್ರಹಾಂ ಆಗಿ. 'ಯನ್' ಉದುರಿಹೋಯಿತು. 2006ರ ಸೆಪ್ಟೆಂಬರ್‌ನಲ್ಲಿ ಕೊಲಂಬಿಯಾದ ಎಡಿಸನ್ ಮಿರಾಂಡಾ ಜೊತೆಗಿನ ಫೈಟ್‌ನ ವಿಡಿಯೋ ಸಿಕ್ಕರೆ ನೋಡಿ, ಊಟ ಮಾಡ್ತಾ ನೋಡಬೇಡಿ. ನಾಲ್ಕನೇ ಸುತ್ತಿನಲ್ಲಿ ದವಡೆ ಮುರಿಯಿತು. ಬಾಯಿಂದ ರಕ್ತ, ಬಾಯಿ ಮುಚ್ಚೋಕೂ ಆಗ್ತಿಲ್ಲ. ಹನ್ನೆರಡೂ ಸುತ್ತು ನಿಂತ, ಗೆದ್ದ. ಆ ಫೈಟ್ ನಿಲ್ಲಿಸಬೇಕಿತ್ತು ಅಂತಲೇ ನನ್ನ ಅಭಿಪ್ರಾಯ. ಅದನ್ನ ಬರೀ ಶೌರ್ಯ ಅಂತ ಹೊಗಳೋಕೆ ನನಗೆ ಮನಸ್ಸು ಬರಲ್ಲ. ಅವನು ಜರ್ಮನ್ ಪ್ರಜೆಯಾಗಿದ್ದೂ ಅದೇ ವರ್ಷ.

ವಿಕ್ ದಾರ್ಚಿನ್ಯನ್ ಹುಟ್ಟಿದ್ದು ವನಾಡ್ಜೋರ್‌ನಲ್ಲಿ. ಭೂಕಂಪ ಆದಾಗ ಹನ್ನೆರಡು ವರ್ಷ. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಆರ್ಮೇನಿಯಾ ಪರ ಹೋದ, ಪದಕ ಬರಲಿಲ್ಲ, ಆಸ್ಟ್ರೇಲಿಯಾದಲ್ಲೇ ಉಳಿದ. 2004ರಲ್ಲಿ ಐಬಿಎಫ್ ಫ್ಲೈವೇಟ್ ಬೆಲ್ಟ್, 2008ರಲ್ಲಿ ಸೂಪರ್ ಫ್ಲೈವೇಟ್‌ನ ಮೂರು ಬೆಲ್ಟ್ ಒಟ್ಟಿಗೆ ಸೊಂಟಕ್ಕೆ. ವಾನೆಸ್ ಮಾರ್ತಿರೋಸ್ಯನ್ ಚಿಕ್ಕವನಿದ್ದಾಗಲೇ ಕ್ಯಾಲಿಫೋರ್ನಿಯಾ ಸೇರಿದವನು, 2004ರ ಅಥೆನ್ಸ್‌ಗೆ ಅಮೆರಿಕದ ಪರ ಹೋದ.

ಹಾಗಾದರೆ ಆರ್ಮೇನಿಯಾದ ಬಾವುಟಕ್ಕೆ ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲಿ ಏನೂ ಬರಲಿಲ್ವಾ? ಬಂತು. 2008ರ ಬೀಜಿಂಗ್. ನಮ್ಮ ವಿಜೇಂದರ್ ಸಿಂಗ್ ಕಂಚು ಗೆದ್ದ ಕೂಟ. ಹಾಸ್ಟೆಲ್ ಟಿವಿ ರೂಮಿನಲ್ಲಿ ನಾವು ಕೂಗಾಡಿದ್ದು ನನಗಿನ್ನೂ ನೆನಪಿದೆ. ಅದೇ ಬೀಜಿಂಗ್‌ನಲ್ಲಿ ಹ್ರಾಚಿಕ್ ಜವಖ್ಯನ್ ಲೈಟ್‌ವೇಟ್ ಕಂಚು ಗೆದ್ದಿದ್ದು ಆಗ ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ. ಆಮೇಲೆ ಟೋಕಿಯೋದಲ್ಲಿ ನಮ್ಮ ಲವ್ಲಿನಾ ಕಂಚು ತಂದಾಗ ಅವರ ಹೊವ್ಹಾನೆಸ್ ಬಾಚ್ಕೊವ್ ಕೂಡ ಕಂಚು ತಂದ. 140 ಕೋಟಿಯ ನಮಗೆ ಒಂದು, 30 ಲಕ್ಷದ ಅವರಿಗೂ ಒಂದು.

2023ರ ಸೆಪ್ಟೆಂಬರ್‌ನಲ್ಲಿ ಕರಬಾಖ್‌ನಿಂದ ಒಂದು ಲಕ್ಷಕ್ಕೂ ಹೆಚ್ಚು ಆರ್ಮೇನಿಯನ್ನರು ಕೆಲವೇ ದಿನಗಳಲ್ಲಿ ಮನೆ ಬಿಟ್ಟು ಹೊರಟರು. ಕಾರಿನ ಮೇಲೆ ಹಾಸಿಗೆ ಕಟ್ಟಿಕೊಂಡು ಹೋಗ್ತಿದ್ದ ಸಾಲು. ಆ ದೃಶ್ಯಕ್ಕೆ ನನ್ನ ಬುಲೆಟಿನ್‌ನಲ್ಲಿ ಸಿಕ್ಕಿದ್ದು ಅರ್ಧ ನಿಮಿಷ. ಓದಿದವನು ನಾನೇ. ಆ ಕಾರುಗಳ ಹಿಂದಿನ ಸೀಟಿನಲ್ಲಿ ಐದು ವರ್ಷದ ಎಷ್ಟು ಮಕ್ಕಳಿದ್ದರೋ.

ಯೆಂಗಿಬಾರ್ಯನ್ ಕೊನೆಗೆ ಏನಾದ ಅಂತ ನೀವು ಕೇಳಬಹುದು. ಸೋವಿಯತ್ ಬಿದ್ದ ಮೇಲೆ ಆತನೂ ಅಮೆರಿಕಕ್ಕೆ ಹೋದ. ಮರೆವಿನ ಕಾಯಿಲೆ ಬಂತು. 2013ರ ಫೆಬ್ರವರಿ 1ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡ.

ಮೂರು ವರ್ಷದ ನಂತರ ರಿಯೋ ಒಲಿಂಪಿಕ್ಸ್. ಮೆಲ್ಬರ್ನ್‌ಗೆ ಸರಿಯಾಗಿ 60 ವರ್ಷ. ಅದೇ ಲೈಟ್ ವೆಲ್ಟರ್‌ವೇಟ್, ತೂಕದ ಮಿತಿ ಮಾತ್ರ ಅರ್ಧ ಕೆಜಿ ಹೆಚ್ಚಿ 64 ಆಗಿತ್ತು. ಸೆಮಿಫೈನಲ್‌ಗೆ ಬಂದವರಲ್ಲಿ ಒಬ್ಬ ಯೆರೆವಾನ್‌ನಲ್ಲಿ ಹುಟ್ಟಿದ ಆರ್ಟೆಮ್ ಹರುತ್ಯುನ್ಯನ್, ನಿರಾಶ್ರಿತರ ಮಗ, ಬೆಳೆದಿದ್ದು ಸೂಸಿಯ ಹ್ಯಾಂಬರ್ಗ್‌ನಲ್ಲೇ. ಎದೆಯ ಮೇಲೆ ಜರ್ಮನಿ. ಎದುರಿಗೆ ನಿಂತವನು ಲೊರೆಂಜೊ ಸೊಟೊಮೇಯರ್, ಹುಟ್ಟಿದ್ದು ಕ್ಯೂಬಾದಲ್ಲಿ. ಅವನ ಎದೆಯ ಮೇಲೆ ಯಾವ ದೇಶ ಇತ್ತು ಅಂತೀರಿ? ಅಜರ್‌ಬೈಜಾನ್. ಗೆದ್ದವನು ಕ್ಯೂಬಾದವನು. ಹರುತ್ಯುನ್ಯನ್‌ಗೆ ಕಂಚು ಉಳಿಯಿತು, ರಿಯೋ ಬಾಕ್ಸಿಂಗ್‌ನಲ್ಲಿ ಜರ್ಮನಿಗೆ ಸಿಕ್ಕಿದ್ದು ಅದೊಂದೇ ಪದಕ.