ಧಾತು ಸಂವತ್ಸರದ ಕ್ರಿಸ್ಮಸ್

ಕಮಲಾಪುರದ ಕೆರೆಗೆ ತುಂಗಭದ್ರೆಯ ನೀರನ್ನು ತಂದು ತುಂಬುವ ರಾಯಕಾಲುವೆಯು ವಿಜಯನಗರದ ಅರಸರ ಕಾಲದ್ದು. ಅದರ ಆಸರೆಯುಳ್ಳ ಗದ್ದೆ ತೋಟಗಳು ಮುಗಿಲೊಂದನ್ನೇ ನಂಬಿ ಬದುಕತಕ್ಕವಲ್ಲ. ಆದರೆ ಅಲ್ಲಿಂದ ಮೂಡಲಿಗೆ, ಬಳ್ಳಾರಿಯ ದಾರಿ ಹಿಡಿದಂತೆ, ಎರೆಯ ಹೊಲಗಳು ಹರಡಿಕೊಳ್ಳುವುವು. ಅಲ್ಲಿಯ ಜೋಳಕ್ಕೆ ಹಿಂಗಾರಿನ ಮಳೆಯೇ ಜೀವ. ೧೮೭೬ನೆಯ ಇಸವಿಯಲ್ಲಿ ಮುಂಗಾರು ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. ಡಿಸೆಂಬರ್ ತಿಂಗಳೆಂದರೆ ರೈತನು ತೆನೆಯನ್ನು ನಿರೀಕ್ಷಿಸುವ ಕಾಲ. ಆ ವರುಷ ಆಸೆ ತೀರಿಹೋದ ಕಾಲವೂ ಅದೇ ಆಯಿತು. ಮುಂದೆ ಎರಡು ಮೂರು ತಲೆಗಳ ಜನರು ಧಾತು ಈಶ್ವರ ಸಂವತ್ಸರಗಳ ಬರವೆಂದು ನೆನೆದದ್ದು ಇದನ್ನೇ.

ಆಗ ಕಮಲಾಪುರವೂ ಹೊಸಪೇಟೆಯೂ ಮದ್ರಾಸ್ ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದುವು. ಜಿಲ್ಲೆಯ ಮುಖ್ಯಪಟ್ಟಣದಲ್ಲಿ ದಂಡಿನ ಠಾಣ್ಯವಿತ್ತು; ೧೮೧೦ರಲ್ಲಿ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಯು ಬಂದು ನೆಲಸಿದಂದಿನಿಂದ ಲಂಡನ್ ಮಿಷನ್ನಿನ ಕನ್ನಡ ಸಭೆಯೂ ಬೆಳೆದಿತ್ತು. ಬೈಬಲನ್ನು ಕನ್ನಡಕ್ಕೆ ತಂದವರಲ್ಲಿ ಹ್ಯಾಂಡ್ಸರೇ ಮೊದಲಿಗರು. ಆ ಸಭೆಯ ಮನೆಗಳಿಗೆ ೧೮೭೬ರ ಕ್ರಿಸ್ಮಸ್ ಸೋಮವಾರದಂದು ಬಂದಿತು. ಸರಿಯಾಗಿ ಒಂದು ವಾರ ಕಳೆದು, ೧೮೭೭ನೆಯ ಜನವರಿ ಒಂದರಂದು, ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಸಾರಲು ದೆಹಲಿಯಲ್ಲಿ ಲಿಟ್ಟನ್ ಪ್ರಭುವಿನ ದರ್ಬಾರು ನೆರೆಯಿತು. ಅದರ ವೈಭವವನ್ನು ವರ್ಣಿಸಿದವರು ಬೇಕಾದಷ್ಟಿದ್ದಾರೆ. ಇಲ್ಲಿ ಅದರ ಗೊಡವೆ ಬೇಡ.

ಬರದ ನಡುವೆ ಬಂದ ಹಬ್ಬದ ಕಷ್ಟವು ಹಸಿವೊಂದರದೇ ಅಲ್ಲ. ಕನ್ನಡನಾಡಿನ ಅನೇಕ ಮನೆಗಳಲ್ಲಿ ಸಾವಾದ ವರುಷ ಹಬ್ಬವಿಲ್ಲ. ತೋರಣ ಕಟ್ಟುವುದಿಲ್ಲ, ಹೋಳಿಗೆ ಬೇಯಿಸುವುದಿಲ್ಲ, ಯಾರೂ ಏಕೆಂದು ಕೇಳುವುದೂ ಇಲ್ಲ. ದುಃಖಕ್ಕೆ ಸಂಪ್ರದಾಯವೇ ಕೊಟ್ಟ ಬಿಡುವು ಅದು. ಕ್ರೈಸ್ತರ ಮನೆಗೆ ಅಂತಹ ಬಿಡುವಿಲ್ಲ. ಸತ್ತವರಿರಲಿ, ಊರು ಬಿಟ್ಟವರಿರಲಿ, ಇಪ್ಪತ್ತೈದನೆಯ ತಾರೀಖು ಬಂದೇ ಬರುವುದು. ಬಂದು, ಸಂತೋಷಪಡಿರೆಂದು ಹೇಳುವುದು. ನಗಲಾರದವನಿಗೆ ಆ ಮಾತೇ ಒಂದು ಭಾರ.

ಆದರೆ ಈ ಸಂತೋಷದ ಕಡ್ಡಾಯವು ಹಬ್ಬದಷ್ಟು ಹಳೆಯದಲ್ಲವೆಂಬುದನ್ನು ಇತಿಹಾಸವು ತೋರಿಸುವುದು. ಇಂಗ್ಲೆಂಡಿನ ಪಾರ್ಲಿಮೆಂಟು ೧೬೪೭ರಲ್ಲಿ ಕ್ರಿಸ್ಮಸ್ ಆಚರಣೆಯನ್ನೇ ರದ್ದುಮಾಡಿತ್ತು. ೧೬೬೦ರಲ್ಲಿ ಅರಸೊತ್ತಿಗೆಯು ಮರಳಿದ ಮೇಲಷ್ಟೇ ಅದು ಮತ್ತೆ ಬಂದಿತು. ಮನೆಯೊಳಗೆ ಮರವನ್ನು ನಿಲ್ಲಿಸಿ ಶೃಂಗರಿಸುವ ಜರ್ಮನ್ ಪದ್ಧತಿಯು ಇಂಗ್ಲಿಷ್ ಕುಟುಂಬಗಳಲ್ಲಿ ಹರಡಿದ್ದು ೧೮೪೦ರ ದಶಕದಲ್ಲಿ. ಮೊದಲ ಶುಭಾಶಯ ಪತ್ರವೂ ಡಿಕನ್ಸನ ಪ್ರಸಿದ್ಧ ಕ್ರಿಸ್ಮಸ್ ಕಥೆಯೂ ೧೮೪೩ರವು. ಎಂದರೆ ಬಳ್ಳಾರಿಯ ಬರದ ಹೊತ್ತಿಗೆ ಈ ಉಲ್ಲಾಸದ ರೂಢಿಗೆ ಇನ್ನೂ ನಾಲ್ವತ್ತು ವರುಷ ತುಂಬಿರಲಿಲ್ಲ.

ಹಬ್ಬದ ಮೂಲಕಥೆಯಾದರೋ ಬೇರೆ. ಜನಗಣತಿಯ ಆಜ್ಞೆಗೆ ಅಂಜಿ ದಾರಿ ನಡೆದ ಬಸುರಿ ಹೆಂಗಸು, ಛತ್ರದಲ್ಲಿ ಸಿಕ್ಕದ ಎಡೆ, ದನಗಳ ಗೋದಲಿಯಲ್ಲಿ ಮಲಗಿದ ಮಗು, ಅರಸನ ಕತ್ತಿಗೆ ಹೆದರಿ ಪರದೇಶಕ್ಕೆ ಓಡಿದ ಸಂಸಾರ. ಹೆರೋದನು ಕೊಲ್ಲಿಸಿದ ಬೆತ್ಲೆಹೇಮಿನ ಕೂಸುಗಳ ನೆನಪಿಗೆಂದು ಪಶ್ಚಿಮದ ಸಭೆಯು ಡಿಸೆಂಬರ್ ಇಪ್ಪತ್ತೆಂಟನ್ನು ಮೀಸಲಿಟ್ಟಿದೆ. ಕಲ್ಲೇಟಿಗೆ ಸತ್ತ ಸ್ತೆಫನನ ದಿನವು ಇಪ್ಪತ್ತಾರು. ಪಂಚಾಂಗವನ್ನು ಕಟ್ಟಿದ ಹಿರಿಯರು ಜನನದ ಮಗ್ಗುಲಲ್ಲಿಯೇ ಮಕ್ಕಳನ್ನು ಕಳೆದುಕೊಂಡ ತಾಯಂದಿರ ಅಳುವಿಗೂ ಸ್ಥಳವನ್ನು ಬಿಟ್ಟರು. ಅಳುವವನು ಈ ಹಬ್ಬಕ್ಕೆ ಹೊರಗಿನವನೆಂಬುದು ಮರವನ್ನೂ ದೀಪಗಳನ್ನೂ ನೋಡಿದವರ ಎಣಿಕೆಯೇ ಹೊರತು ಸುವಾರ್ತೆಯದಲ್ಲ.

ಕನ್ನಡ ನುಡಿಯೂ ಇಲ್ಲಿ ಒಂದು ಉಪಕಾರವನ್ನು ಮಾಡಿದೆ. ದೇವದೂತರು ಕುರುಬರಿಗೆ ಭೂಮಿಯ ಮೇಲೆ ಉಂಟಾಗಲೆಂದು ಸಾರಿದ್ದನ್ನು ಕನ್ನಡ ಬೈಬಲು ‘ಸಮಾಧಾನ’ವೆಂದು ಹೇಳುತ್ತದೆ. ಯುದ್ಧ ನಿಂತ ಶಾಂತಿಗೆ ಮಾತ್ರ ಸಲ್ಲುವ ಶಬ್ದವಲ್ಲ ಅದು. ಅಳುವ ಮಗುವನ್ನು ತಾಯಿಯು ಸಮಾಧಾನಮಾಡುತ್ತಾಳೆ. ಸತ್ತವರ ಮನೆಗೆ ಹೋಗಿ ನೆರೆಯವರು ಸಮಾಧಾನ ಹೇಳುತ್ತಾರೆ. ಸಂತೋಷಪಡೆಂಬ ಅಪ್ಪಣೆಯು ಅದರಲ್ಲಿಲ್ಲ. ಹತ್ತಿರ ಬಂದು ಕುಳಿತುಕೊಳ್ಳುವ ಕೆಲಸವಿದೆ.

ಆ ವರುಷ ಬಂದು ಕುಳಿತವರ ಸಂಖ್ಯೆ ಸಾಲದಾಯಿತು. ಜನವರಿಯಲ್ಲಿ ಸರಕಾರದ ಪರವಾಗಿ ಬಂದ ರಿಚರ್ಡ್ ಟೆಂಪಲ್ ಸಾಹೇಬರು ಖರ್ಚನ್ನು ಹಿಡಿಯಹೊರಟು, ಪರಿಹಾರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಒಂದು ಆಣೆ ಎಂದು ಗೊತ್ತುಮಾಡಿಸಿದರು. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷರು ಇಷ್ಟರಿಂದ ದುಡಿಯುವ ದೇಹ ಉಳಿಯಲಾರದೆಂದು ಬಲವಾಗಿ ವಾದಿಸಿದರು. ಕೆಲವು ತಿಂಗಳ ಮೇಲೆ ಕೂಲಿ ಏರಿತು. ಲಂಡನ್ನಿನ ಮ್ಯಾನ್‌ಷನ್ ಹೌಸ್ ನಿಧಿಯು ೧೮೭೭ರ ಆಗಸ್ಟಿನಲ್ಲಿ ತೆರೆಯಿತು. ಅದರ ಹಣವು ಗಂಜಿಗೆ ಮಾತ್ರವಲ್ಲದೆ, ಎತ್ತು ಸತ್ತು ಬೀಜ ತೀರಿದ ರೈತರು ಮತ್ತೆ ಹೊಲಕ್ಕಿಳಿಯುವುದಕ್ಕೂ ಒದಗಿತು. ಈ ತಡವಾದ ನೆರವನ್ನು ಹೊಗಳುವವರು ಅದು ತಡವಾದುದನ್ನೂ ಹೇಳತಕ್ಕದ್ದು.

ಈಶ್ವರ ಸಂವತ್ಸರದ ಕ್ರಿಸ್ಮಸ್ ಬರುವ ಹೊತ್ತಿಗೆ ಮಳೆ ಬಂದಿತ್ತು. ಒಂದು ರೀತಿಯಿಂದ ಮೊದಲನೆಯದಕ್ಕಿಂತ ಈ ಎರಡನೆಯದೇ ಕಠಿನ. ಊರಿಗೆ ಊರೇ ಹಸಿದಿದ್ದಾಗ ದುಃಖಕ್ಕೆ ಜೊತೆಯಾದರೂ ಇರುತ್ತದೆ. ಹೊಲಗಳು ಹಸುರಾಗಿ, ನೆರೆಮನೆಯವರು ಚೇತರಿಸಿಕೊಂಡ ಮೇಲೆ, ಬರಿದಾದ ಮನೆಯವನು ಒಂಟಿಯಾಗುತ್ತಾನೆ. ಅಂಥವರು ಎಷ್ಟು ಮಂದಿಯೆಂಬುದಕ್ಕೆ ೧೮೮೧ರ ಜನಗಣತಿಯೇ ಸಾಕ್ಷಿ: ಹತ್ತು ವರುಷದ ಹಿಂದಿನ ಲೆಕ್ಕಕ್ಕೆ ಹೋಲಿಸಿದರೆ ಬಳ್ಳಾರಿಯ ಸೀಮೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಜನರು ಕಡಮೆಯಾಗಿದ್ದರು.